ಹುದುಗುವಿಕೆಯಲ್ಲಿ ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಸೇರಿಸಿದರೆ ಯೀಸ್ಟ್ ಹೆಚ್ಚು ಗ್ಲುಟಾಥಯೋನ್ ಕೊಡುತ್ತದೆಯೇ?

ಕೊಡಬಹುದು. ಆದರೆ ಯಾವುದನ್ನು, ಯಾವಾಗ, ಎಷ್ಟು ಹಾಕುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಗ್ಲುಟಾಥಯೋನ್ ಅಂದರೆ ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಸೇರಿದ ಪುಟ್ಟ ಪೆಪ್ಟೈಡ್. ಯೀಸ್ಟ್ ಅದನ್ನು ಹೆಚ್ಚಾಗಿ ಕೋಶದೊಳಗೇ ಕೂಡಿಡುತ್ತದೆ. ಒಳಗೆ ತುಂಬಿದಷ್ಟೂ ಅದು ತನ್ನ ತಯಾರಿಕೆಯ ಮೊದಲ ಕಿಣ್ವವನ್ನೇ ತಡೆಯುತ್ತದೆ. ಕಣಜ ತುಂಬಿದ ಮೇಲೆ ಒಕ್ಕಣೆ ನಿಂತ ಹಾಗೆ. ಎಸ್‌ಡಿಎಸ್, ಸಿಟಿಎಬಿ ಥರದ ಸರ್ಫ್ಯಾಕ್ಟಂಟ್‌ಗಳು ಕೋಶಪೊರೆಯ ಕೊಬ್ಬಿನ ಪದರವನ್ನು ಸಡಿಲಿಸುತ್ತವೆ. ಗ್ಲುಟಾಥಯೋನ್ ಹೊರಗೆ ಸೋರಿ, ಆ ತಡೆ ಕಡಿಮೆಯಾಗುತ್ತದೆ. ಕ್ಯಾಂಡಿಡಾ ಯುಟಿಲಿಸ್ ಎಂಬ ಯೀಸ್ಟ್‌ನಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದಾರೆ.

ಅದೇ ತೂತಿನಲ್ಲಿ ಕೋಶಕ್ಕೆ ಬೇಕಾದ ಪೊಟ್ಯಾಸಿಯಂ ಕೂಡ ಸೋರುತ್ತದೆ. ಎಸ್‌ಡಿಎಸ್ ಟೂತ್‌ಪೇಸ್ಟಿನ ನೊರೆಗೆ ಬಳಸುವ ವಸ್ತು, ಸಿಟಿಎಬಿಯಂತೂ ಸೂಕ್ಷ್ಮಾಣುನಾಶಕ! ಮೊದಲೇ ಸುರಿದರೆ ಯೀಸ್ಟ್ ಬೆಳೆಯುವುದೇ ಇಲ್ಲ. ಹಾಗಾಗಿ ಬೆಳವಣಿಗೆ ಮುಗಿಯುತ್ತ ಬಂದಾಗ, ಅದೂ ಅತಿ ಕಡಿಮೆ ಪ್ರಮಾಣದಲ್ಲಿ ಹಾಕುವುದು ವಾಸಿ.

ಟ್ವೀನ್ 80 ಎಂಬ ಸರ್ಫ್ಯಾಕ್ಟಂಟ್ ಸೌಮ್ಯ. ಆಮ್ಲಜನಕ ಕಡಿಮೆಯಿದ್ದಾಗ ಯೀಸ್ಟಿಗೆ ತಯಾರಿಸಿಕೊಳ್ಳಲಾಗದ ಓಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಒದಗಿಸಿ ಬೆಳವಣಿಗೆಗೆ ನೆರವಾಗುತ್ತದೆ.

ನೊರೆಯ ಕಾಟ ಇದ್ದೇ ಇದೆ. ಇನ್ನೊಂದು ಮಾತು: ಕೋಶದ ಒಳಗಿನ ಗ್ಲುಟಾಥಯೋನ್, ಹೊರಗಿನದು ಎರಡನ್ನೂ ಅಳೆಯಿರಿ. ಹೊರಗಿನದನ್ನಷ್ಟೇ ನೋಡಿದರೆ ಸತ್ತ ಕೋಶಗಳ ಸೋರಿಕೆಯೂ ಇಳುವರಿಯಂತೆ ಕಾಣುತ್ತದೆ.