ಬಾಡಿಗೆಯ ಲೆಕ್ಕಕ್ಕೆ ಸಿಗದ ಗಂಟೆಗಳು

ಪ್ರಶ್ನೆ: ನನ್ನ ಪತ್ನಿ ಪ್ರಸೂತಿ ವಿಭಾಗದಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುತ್ತಿದ್ದಾಳೆ, ಮುಗಿಯಲು ಇನ್ನೂ ಎರಡು ವರ್ಷ ಬೇಕು. ಅವಳ ಓದಿಗಾಗಿಯೇ ನಾವು ಈ ಮಹಾನಗರಕ್ಕೆ ಬಂದೆವು. ನಾನು ಮನೆಯಿಂದ ಅರೆಕಾಲಿಕ ಕೆಲಸ ಮಾಡುತ್ತ ಮೂರು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದೇನೆ. ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆಯಲ್ಲಿರುವ ನಮ್ಮ ಒಂದೇ ಕೋಣೆಯ ಮನೆಯ ಬಾಡಿಗೆಗೆ ಅವಳ ಶಿಷ್ಯವೇತನದ ಬಹುಪಾಲು ಹೋಗುತ್ತದೆ, ಉಳಿತಾಯ ಕರಗುತ್ತಿದೆ. ನಗರದ ಹೊರವಲಯದಲ್ಲಿ ಕಡಿಮೆ ಬಾಡಿಗೆಗೆ ಇದಕ್ಕಿಂತ ದೊಡ್ಡ ಮನೆ ಸಿಗುತ್ತದೆ, ಆದರೆ ಅಲ್ಲಿಂದ ಆಸ್ಪತ್ರೆಗೆ ಈಗಿನದಕ್ಕಿಂತ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಅಲ್ಲಿಗೆ ಹೋಗೋಣವೇ? ಇಲ್ಲವೇ ಅವಳು ಹಾಸ್ಟೆಲ್ ಸೇರಿ, ನಾನು ಮಗಳೊಂದಿಗೆ ನನ್ನ ತಂದೆತಾಯಿಯ ಬಳಿ ಇದ್ದುಬಿಡಲೇ? ಹಣದ ಮಾತೆತ್ತಿದರೆ ಅವಳು ಬಾಯಿಯನ್ನೇ ಬಿಡುವುದಿಲ್ಲ. ಮೊನ್ನೆ ಬೆಳಗ್ಗೆ ಡ್ಯೂಟಿ ಮುಗಿಸಿ ಬಂದವಳು ಒಂದು ಕಾಲಿನ ಬೂಟು ಬಿಚ್ಚಿ, ಇನ್ನೊಂದರ ಲೇಸಿಗೆ ಕೈಹಾಕಿದವಳು ಹಾಗೆಯೇ ಗೋಡೆಗೊರಗಿ ನಿದ್ದೆಹೋದಳು. ನಾನು ಅಷ್ಟರಲ್ಲಿ ವಿದ್ಯುತ್ ಬಿಲ್ಲಿನ ಮಾತು ತೆಗೆದಾಗಿತ್ತು.
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಬಾಡಿಗೆಯ ಲೆಕ್ಕವಿದೆ, ಗಂಟೆಗಳ ಲೆಕ್ಕವಿಲ್ಲ. ಅದನ್ನು ಮೊದಲು ಹಾಕೋಣ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹೆಚ್ಚಾದರೆ, ತಿಂಗಳಿಗೆ 26 ದಿನದ ಕೆಲಸ ಎಂದು ಹಿಡಿದರೂ 52 ಗಂಟೆಗಳು ರಸ್ತೆಯಲ್ಲಿ ಹೋಗುತ್ತವೆ. ಎರಡು ವರ್ಷಕ್ಕೆ ಇದು 1,248 ಗಂಟೆ, ಅಂದರೆ ಪೂರ್ತಿ 52 ಹಗಲುರಾತ್ರಿಗಳು. ಹೊಸ ಮನೆಯಲ್ಲಿ ಉಳಿಯುವ ಬಾಡಿಗೆಯನ್ನು ಈ ಗಂಟೆಗಳಿಂದ ಭಾಗಿಸಿ ನೋಡಿ. ಬರುವ ಮೊತ್ತ ನಿಮ್ಮ ಪತ್ನಿಯ ಒಂದು ಗಂಟೆಯ ನಿದ್ದೆಗೆ ನೀವು ಕಟ್ಟುತ್ತಿರುವ ಬೆಲೆ.

ಆ ನಿದ್ದೆ ಎಷ್ಟು ವಿರಳವೆಂಬುದಕ್ಕೆ ಒಂದು ಅಳತೆ ಹೇಳುತ್ತೇನೆ. ತರಬೇತಿ ವೈದ್ಯರ ದುಡಿಮೆಗೆ ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಗಳ ಮಿತಿ ಇದೆ, ಅದೂ ನಾಲ್ಕು ವಾರಗಳ ಸರಾಸರಿಯಲ್ಲಿ. ಯುರೋಪಿಯನ್ ಒಕ್ಕೂಟದ ನಿಯಮ ಸರಾಸರಿ 48 ಗಂಟೆ ಎನ್ನುತ್ತದೆ. ನಿಯಮ ಏನೇ ಹೇಳಲಿ, ಕೆಲಸದ ಪಟ್ಟಿ ಬೇರೆಯೇ ಹೇಳುವುದುಂಟು. 80 ಎಂದೇ ಹಿಡಿಯೋಣ. ವಾರದ 168 ಗಂಟೆಗಳಲ್ಲಿ ಅದು ಕಳೆದು, ದಿನಕ್ಕೆ ಏಳು ಗಂಟೆ ನಿದ್ದೆ ಕಳೆದರೆ ಉಳಿಯುವುದು 39. ಊಟ, ಸ್ನಾನ, ಪರೀಕ್ಷೆಯ ಓದು, ಮಗಳು, ನೀವು, ಎಲ್ಲವೂ ಆ 39ರೊಳಗೇ ಆಗಬೇಕು. ಅದರಲ್ಲಿ ಹನ್ನೆರಡನ್ನು ಪ್ರಯಾಣ ಕಿತ್ತುಕೊಂಡರೆ ಮೊದಲು ಸಾಯುವುದು ಓದಲ್ಲ, ಏಕೆಂದರೆ ಓದಿಗೆ ಪರೀಕ್ಷೆಯ ದಿನಾಂಕವಿದೆ. ಮಗಳಿಗೂ ನಿಮಗೂ ಅಂಥ ದಿನಾಂಕವಿಲ್ಲ.

ಇನ್ನೊಂದು ಕಾರಣವಿದೆ, ಅದರಲ್ಲಿ ನಾನು ರಾಜಿಯಾಗಲಾರೆ. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಹಲವು ದೇಶಗಳಲ್ಲಿ ವಾಹನ ಚಾಲನೆಗೆ ಇರುವ ಮದ್ಯದ ಮಿತಿಯೇ ಅದು. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿ ಮುಗಿಸಿದ ವೈದ್ಯೆ ಬೆಳಗಿನ ದಟ್ಟಣೆಯಲ್ಲಿ ಗಂಟೆಗಟ್ಟಲೆ ತಾನೇ ವಾಹನ ಓಡಿಸಿಕೊಂಡು ಬರುವುದನ್ನು ಒಪ್ಪಲು ಯಾವ ಅಗ್ಗದ ಬಾಡಿಗೆಯೂ ಸಾಲದು. ಬೂಟು ಬಿಚ್ಚುವ ನಡುವೆ ನಿದ್ದೆಹೋದವರು ಹತ್ತು ನಿಮಿಷ ನಡೆದು ಬಂದಿದ್ದರು ಎಂಬುದನ್ನು ಮರೆಯಬೇಡಿ.

ಹಾಗಾಗಿ ಹತ್ತಿರದ ಮನೆಯನ್ನು ಬಿಡಬೇಡಿ ಎನ್ನುತ್ತೇನೆ. ಮನೆ ಚಿಕ್ಕದಾದರೆ ಒಂದು ನಷ್ಟ ಖಂಡಿತ ಇದೆ: ಹಗಲಿನಲ್ಲಿ ಮಲಗುವವರಿಗೆ ಅಲ್ಲಿ ಜಾಗವಿರುವುದಿಲ್ಲ. ಕಿಟಕಿಗೆ ಬೆಳಕು ತೂರದ ದಪ್ಪ ಪರದೆ ಹಾಕಿ. ನೈಟ್ ಡ್ಯೂಟಿಯ ಮರುದಿನ ಬೆಳಗ್ಗೆ ಮೂರು ತಾಸಾದರೂ ಮಗಳನ್ನು ಹೊರಗೆ ಕರೆದೊಯ್ಯಿರಿ. ದೇಹದ ಗಡಿಯಾರ ಬೆಳಕನ್ನು ನೋಡಿ ನಡೆಯುವುದರಿಂದ ಹಗಲಿನ ನಿದ್ದೆ ಮೊದಲೇ ತೆಳು. ಅದರ ಮೇಲೆ ಮೂರು ವರ್ಷದ ಮಗುವಿನ ಆಟ ಬೇರೆ.

ಹಣದ ವಿಷಯಕ್ಕೆ ಬರೋಣ. ಬಾಡಿಗೆ ವರಮಾನದ ಶೇಕಡಾ 30 ಮೀರಬಾರದೆಂಬ ಸೂತ್ರವನ್ನು ಯಾರೋ ನಿಮಗೆ ಹೇಳಿಯೇ ಇರುತ್ತಾರೆ. ಆ ಅಂಕಿ ಅಮೆರಿಕದ ಸರ್ಕಾರಿ ವಸತಿ ಯೋಜನೆಗಳಿಂದ ಬಂದದ್ದು: 1969ರಲ್ಲಿ ಅಲ್ಲಿನ ಬಾಡಿಗೆಗೆ ವರಮಾನದ ಶೇಕಡಾ 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಸಹಾಯಧನದ ಮನೆಯಲ್ಲಿ ವರ್ಷಾನುಗಟ್ಟಲೆ ಇರುವವರಿಗಾಗಿ ಮಾಡಿದ ಅಳತೆ ಅದು; ಕೊನೆಯ ತಾರೀಖು ಗೊತ್ತಿರುವ ಎರಡು ವರ್ಷಗಳ ಇಕ್ಕಟ್ಟಿಗೆ ಅದನ್ನೇ ಹಿಡಿದು ಎದೆಗುಂದಬೇಕಾಗಿಲ್ಲ. ನೀವು ನೋಡಬೇಕಾದ ಅಂಕಿ ಬೇರೆ. ಉಳಿತಾಯದಲ್ಲಿ ಮೂರು ತಿಂಗಳ ಖರ್ಚನ್ನು ಮುಟ್ಟದೆ ತೆಗೆದಿಟ್ಟು, ಉಳಿದ ಮೊತ್ತವನ್ನು ಪ್ರತಿ ತಿಂಗಳ ಕೊರತೆಯಿಂದ ಭಾಗಿಸಿ. ಇಪ್ಪತ್ತನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಿಮ್ಮ ಉಳಿತಾಯ ಕರಗುತ್ತಿಲ್ಲ, ಯಾವುದಕ್ಕಾಗಿ ಕೂಡಿಟ್ಟಿರೋ ಅದಕ್ಕೇ ಖರ್ಚಾಗುತ್ತಿದೆ. ಹದಿನೈದೋ ಹದಿನಾರೋ ಬಂದರೆ, ಕೊನೆಯ ತಿಂಗಳುಗಳಿಗೆ ಏನು ಮಾಡುವುದೆಂದು ಈಗಲೇ ಯೋಚಿಸಬೇಕು. ಆಗ ಮಗಳನ್ನು ದಿನಕ್ಕೆ ನಾಲ್ಕು ತಾಸು ಶಿಶುವಿಹಾರಕ್ಕೆ ಕಳಿಸಿ ನಿಮ್ಮ ಕೆಲಸವನ್ನು ಹೆಚ್ಚಿಸಿಕೊಳ್ಳುವುದು ಮನೆ ಬದಲಿಸುವುದಕ್ಕಿಂತ ಲಾಭದ್ದಾಗಬಹುದು. ಕ್ರೆಡಿಟ್ ಕಾರ್ಡಿನ ಸಾಲದಿಂದ ಮಾತ್ರ ಬಾಡಿಗೆ ಕಟ್ಟಬೇಡಿ. ಪದವಿ ಮುಗಿದ ಮೇಲೆ ಕೈತುಂಬ ಸಂಬಳ ಬರುತ್ತದೆಂಬ ಭರವಸೆಯಲ್ಲಿ ವೈದ್ಯರ ಕುಟುಂಬಗಳು ಎಡವುವುದು ಇಲ್ಲೇ.

ಮಗಳನ್ನು ಕರೆದುಕೊಂಡು ಎರಡು ವರ್ಷ ದೂರ ಹೋಗುವ ಯೋಚನೆ ನನಗೆ ಹಿಡಿಸಲಿಲ್ಲ. ಅಂತಿಮ ಪರೀಕ್ಷೆಗೆ ಮೊದಲಿನ ಒಂದು ತಿಂಗಳೋ, ಸತತ ನೈಟ್ ಡ್ಯೂಟಿ ಇರುವ ಎರಡು ವಾರವೋ ಹೋಗಿ ಬನ್ನಿ, ತಪ್ಪೇನಿಲ್ಲ. ಆದರೆ ಮೂರು ವರ್ಷದ ಮಗುವಿಗೆ ಎರಡು ವರ್ಷ ಎಂದರೆ ಈವರೆಗಿನ ಆಯುಷ್ಯದ ಮೂರರಲ್ಲಿ ಎರಡು ಪಾಲು. ಅಮ್ಮ ದಿನಕ್ಕೆ ಇಪ್ಪತ್ತು ನಿಮಿಷವಷ್ಟೇ ಸಿಕ್ಕರೂ, ಅದು ನಿತ್ಯ ಸಿಗುವುದು ದೊಡ್ಡದು. ಸಂಜೆಯ ಮೇಲೆ ಭರವಸೆ ಇಡದೆ, ಅವರು ಡ್ಯೂಟಿಗೆ ಹೊರಡುವ ಮುನ್ನ ಮಗಳನ್ನು ಎಬ್ಬಿಸಿ ಜಡೆ ಹಾಕುವ ಕೆಲಸವನ್ನು ಅವರಿಗೇ ಬಿಡಿ. ಅಮ್ಮ ಎಂಟು ಗಂಟೆಗೆ ಬರುತ್ತಾಳೆಂದು ಮಾತ್ರ ಹೇಳಬೇಡಿ. ಹೆರಿಗೆಗಳು ಗಡಿಯಾರ ನೋಡಿ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಬರುತ್ತಾಳೆ, ನಾವಿಬ್ಬರೂ ಊಟ ಮಾಡಿ ಮಲಗೋಣ ಎನ್ನಿ.

ಇನ್ನು ಅವರ ಮೌನ. ನಿದ್ದೆಗೆಟ್ಟು ಬಂದವರಿಗೆ ಲೆಕ್ಕಪತ್ರ ಕೇಳಿಸುವುದು ದೂರಿನಂತೆಯೇ. ಎದ್ದ ಮೇಲೂ ಅರ್ಧ ಗಂಟೆಯವರೆಗೆ ತಲೆಯಲ್ಲಿ ಮಂಪರು ಇರುತ್ತದೆ. ತಿಂಗಳ ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ಅದರಲ್ಲಿ ಒಂದು ರಜೆಯ ಮಧ್ಯಾಹ್ನಕ್ಕೆ ಗುರುತು ಹಾಕಿ, ಹಣದ ಮಾತನ್ನು ಅಂದಿಗೆ ಮೀಸಲಿಡಿ. ಅಲ್ಲಿಯವರೆಗೆ ಬಿಲ್ಲುಗಳು ಡಬ್ಬಿಯಲ್ಲಿರಲಿ. ಅದೇ ಪಟ್ಟಿಯಲ್ಲಿ ನಿಮಗಾಗಿ ವಾರಕ್ಕೊಂದು ಸಂಜೆಯನ್ನೂ ಗುರುತಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ ನಿಮ್ಮ ಒಬ್ಬ ಗೆಳೆಯನ ಮಾತೂ ಬಂದಿಲ್ಲ ಎಂಬುದನ್ನು ಗಮನಿಸಿದೆ.

ತರಬೇತಿ ವೈದ್ಯರನ್ನು ‘ರೆಸಿಡೆಂಟ್’ ಎನ್ನುವುದು ಅವರು ಆಸ್ಪತ್ರೆಯಲ್ಲೇ ವಾಸವಿರುತ್ತಿದ್ದ ಕಾಲದಿಂದ ಬಂದದ್ದು. 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ಅವರ ಸಹೋದ್ಯೋಗಿಗಳು ಈ ಪದ್ಧತಿಗೆ ರೂಪ ಕೊಟ್ಟಾಗ, ಅದರ ನಕ್ಷೆಯಲ್ಲಿ ಗಂಡನಿಗೂ ಮಗುವಿಗೂ ಕೋಣೆ ಇರಲಿಲ್ಲ. ಈಗ ಕೆಲವು ಆಸ್ಪತ್ರೆಗಳು ಕುಟುಂಬಸಹಿತ ತರಬೇತಿ ವೈದ್ಯರಿಗೆ ವಸತಿ ಕೊಡುತ್ತವೆ. ಕೇಳಿದವರಿಗೆ ಮಾತ್ರ ಅದು ಸಿಗುವುದೂ ಉಂಟು. ನಿಮ್ಮ ಪತ್ನಿಗೆ ಕಚೇರಿಗೆ ಅಲೆಯಲು ಬಿಡುವಿರದು. ಅರ್ಜಿಗೆ ಅವರ ಸಹಿ ಮಾತ್ರ ಹಾಕಿಸಿಕೊಂಡು, ಈ ವಾರವೇ ನೀವು ಹೋಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ. ಸರದಿ ಬರಲು ಆರು ತಿಂಗಳು ಹಿಡಿದರೂ, ಆ ಮನೆಯಲ್ಲಿ ನಿಮಗೆ ಒಂದೂವರೆ ವರ್ಷ ಸಿಗುತ್ತದೆ.