ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಕೊಡಲೇಬೇಕಾ?

ಮನೆಗಳ್ಳತನದ ದೂರು ಕೊಟ್ಟು ಎಫ್‌ಐಆರ್ ಪ್ರತಿ ಕೇಳಿದರೆ ‘ನಾಳೆ ಬನ್ನಿ’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಕೊಡಲೇಬೇಕು. ಅದೂ ಕೂಡಲೇ, ಪುಕ್ಕಟೆಯಾಗಿ. ಜೆರಾಕ್ಸ್ ಕಾಸೂ ಕೊಡಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಕಾನೂನು) 173ನೇ ಕಲಂನಲ್ಲೇ ಇದೆ. ಹಳೇ ಕಾನೂನಿನಲ್ಲಿ ದೂರುದಾರರ ಮಾತಷ್ಟೇ ಇತ್ತು; ಈಗ ಸಂತ್ರಸ್ತರನ್ನೂ ಸೇರಿಸಿದ್ದಾರೆ. ದೂರು ಕೊಟ್ಟವರು ಪಕ್ಕದ ಮನೆಯವರಾದರೂ ನೀವು ಪ್ರತಿ ಕೇಳಬಹುದು.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ತಿಳಿಸಬೇಕು (193ನೇ ಕಲಂ). ಮೊಬೈಲಿಗೆ ಮೆಸೇಜ್ ಬಂದರೂ ಆಯ್ತು.

ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆಗಳ ಪ್ರತಿ 230ನೇ ಕಲಂ ಪ್ರಕಾರ ಕೋರ್ಟಿನಿಂದ ಸಿಗುತ್ತದೆ. ಆದರೆ ನಿಮ್ಮ ಪರ ವಕೀಲರಿರಬೇಕು. ವಕೀಲರನ್ನು ಇಡಲಾಗದವರ ಕಥೆ ಏನು? ಈ ಷರತ್ತು ನನಗಂತೂ ಸರಿ ಕಾಣಲ್ಲ. ಕೇಸ್ ಡೈರಿ (ಪೊಲೀಸರು ತನಿಖೆಯ ಬಗ್ಗೆ ದಿನದಿನವೂ ಬರೆದಿಡುವ ದಾಖಲೆ) ಮಾತ್ರ ಕೇಳಬೇಡಿ, ಸಿಗಲ್ಲ.