ಶೂಬಿಲ್ ಹಕ್ಕಿ ಕೊಕ್ಕರೆಯ ಜಾತಿಯೇ? ಅದು ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದೇಕೆ?

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಶೂಬಿಲ್ ಕೊಕ್ಕರೆಯಲ್ಲ. ಉದ್ದ ಕಾಲುಗಳನ್ನು ನೋಡಿ ಬಹಳ ಕಾಲ ಅದನ್ನು ಕೊಕ್ಕರೆಗಳ ಗುಂಪಿಗೇ ಸೇರಿಸಿದ್ದರು. ಆದರೆ ಡಿಎನ್‌ಎ ಅಧ್ಯಯನಗಳ ಪ್ರಕಾರ ಅದರ ಹತ್ತಿರದ ಬಂಧುಗಳಲ್ಲಿ ಪೆಲಿಕನ್‌ಗಳು, ಅಂದರೆ ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಯ ಕುಟುಂಬದವು, ಸೇರಿವೆ.

ಅದು ಅಲುಗಾಡದೆ ನಿಲ್ಲುವ ಕಾರಣ ತಿಳಿಯಬೇಕಾದರೆ ಅದರ ಕಾಲ ಕೆಳಗಿನ ನೀರನ್ನು ನೋಡಬೇಕು. ದಕ್ಷಿಣ ಸುಡಾನ್‌ನಿಂದ ಜಾಂಬಿಯಾದವರೆಗೆ ಅದು ನೆಲೆಸಿರುವ ಜೌಗುಗಳಲ್ಲಿ ಜೊಂಡು, ಪಪೈರಸ್ ದಟ್ಟವಾಗಿ ಬೆಳೆದು ಕೊಳೆಯುವುದರಿಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಲಂಗ್‌ಫಿಶ್‌ನಂಥ ಮೀನುಗಳು ಗಾಳಿ ಹೀರಲು ಮೇಲ್ಮೈಗೆ ಬರಲೇಬೇಕಾಗುತ್ತದೆ. ಶೂಬಿಲ್ ಕಾಯುವುದು ಆ ಕ್ಷಣಕ್ಕಾಗಿ. ಹೆಜ್ಜೆ ಎತ್ತಿಟ್ಟರೆ ತೇಲುವ ಗಿಡಗಳ ಹಾಸು ಅಲುಗಿ ಮೀನು ಎಚ್ಚರಗೊಳ್ಳುತ್ತದೆ. ಹೂಳಿನಲ್ಲಿ ಹುಗಿಯದೆ, ಗಿಡಗಳ ಹಾಸಿನ ಮೇಲೆಯೇ ನಿಲ್ಲಲು ಅನುಕೂಲವಾಗುವಂತೆ ಅದರ ಬೆರಳುಗಳು ಬಹಳ ಉದ್ದವಾಗಿವೆ.

ಉಗಾಂಡಾದ ಮಬಾಂಬಾ ಜೌಗಿನಲ್ಲಿ, ವಿಕ್ಟೋರಿಯಾ ಸರೋವರದ ಅಂಚಿನಲ್ಲಿ, ನಾನು ಒಂದು ಬೆಳಿಗ್ಗೆ ದೋಣಿಯಲ್ಲಿ ಕುಳಿತು ಇದನ್ನು ಕಣ್ಣಾರೆ ಕಂಡೆ. ನಾಲ್ಕಡಿಗೂ ಎತ್ತರದ ಬೂದುಬಣ್ಣದ ಹಕ್ಕಿ ಕೊಕ್ಕನ್ನು ಎದೆಗೆ ಒತ್ತಿ, ಮೊನೆಯನ್ನು ಕೆಳಗೆ ಮಾಡಿ ನಿಂತಿತ್ತು. ಇಷ್ಟು ದಪ್ಪ ಕೊಕ್ಕು ನೋಟಕ್ಕೆ ಅಡ್ಡವಾಗದೆ ಎರಡೂ ಕಣ್ಣುಗಳು ಒಂದೇ ಜಾಗವನ್ನು ನೋಡಲು ಈ ಭಂಗಿ ಬೇಕು. ಬಹಳ ಹೊತ್ತಿನ ಮೇಲೆ ಇಡೀ ದೇಹವೇ ಒಮ್ಮೆಗೇ ಮುಂದಕ್ಕೆ ಕುಸಿದು ನೀರಿಗೆ ಬಿತ್ತು. ಬಕಪಕ್ಷಿಯಂತೆ ಕತ್ತು ಚಾಚಿ ತಿವಿಯುವ ಕ್ರಮ ಇದರದಲ್ಲ. ರೆಕ್ಕೆಗಳನ್ನು ಊರಿ ಮೇಲೆದ್ದಾಗ ಕೊಕ್ಕಿನ ತುಂಬ ಮೀನಿನೊಂದಿಗೆ ಕೆಸರು, ಬೇರು, ಹುಲ್ಲು ಎಲ್ಲವೂ ಇದ್ದವು. ತಲೆಯನ್ನು ಅತ್ತಿತ್ತ ಆಡಿಸುತ್ತ ಕಸವನ್ನೆಲ್ಲ ಅಂಚಿನಿಂದ ಜಾರಿಸಿ, ಹರಿತವಾದ ಅಂಚುಗಳ ನಡುವೆ ಮೀನನ್ನು ಹಿಸುಕಿ ನುಂಗಿತು. ಸುಮಾರು 20 ಸೆಂಟಿಮೀಟರ್ ಉದ್ದದ, ತುದಿಯಲ್ಲಿ ಕೊಂಡಿಯಿರುವ ಆ ಕೊಕ್ಕು ಏಕೆ ಅಷ್ಟು ಅಗಲವೆಂಬುದು ನನಗೆ ಆಗಲೇ ಮನದಟ್ಟಾದದ್ದು: ಗಿಡಗಳ ನಡುವಿನ ಮೀನನ್ನು ಆರಿಸಿ ಹಿಡಿಯಲಾಗದು, ಗಿಡದೊಂದಿಗೇ ಬಾಚಬೇಕು.

ಈ ಹಕ್ಕಿಯನ್ನು ಕಂಡರೆ ಅಂದು ಮೀನು ಸಿಗದೆಂದು ನಂಬಿ ಅಲ್ಲಿನ ಮೀನುಗಾರರು ಹಿಂದೆ ಇದನ್ನು ಕೊಲ್ಲುತ್ತಿದ್ದರಂತೆ. ಈಗ ಅದನ್ನು ತೋರಿಸಲು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವುದೇ ಹಲವರ ಜೀವನೋಪಾಯ. ಇದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ, ಏಕೆಂದರೆ ಪ್ರಪಂಚದಲ್ಲಿ ಉಳಿದಿರುವ ಶೂಬಿಲ್‌ಗಳು 5,000ದಿಂದ 8,000 ಮಾತ್ರ ಎಂಬ ಅಂದಾಜಿದೆ.

ಸಾಮಾನ್ಯವಾಗಿ ಮೌನವಾಗಿರುವ ಈ ಹಕ್ಕಿ ಗೂಡಿನ ಬಳಿ ಕೊಕ್ಕನ್ನು ಬಡಿದು ಲಟಲಟ ಸದ್ದು ಮಾಡುತ್ತದೆ. ಹೆಚ್ಚಾಗಿ ಎರಡು ಮೊಟ್ಟೆಗಳಿದ್ದರೂ ಬದುಕುವುದು ಬಹುತೇಕ ಒಂದೇ ಮರಿ. ಬಿಸಿಲೇರಿದಾಗ ತಾಯಿ ತಂದೆ ಇಬ್ಬರೂ ಅದೇ ಕೊಕ್ಕಿನಲ್ಲಿ ನೀರು ತುಂಬಿ ತಂದು ಮೊಟ್ಟೆಗಳ ಮೇಲೂ ಮರಿಯ ಮೇಲೂ ಸುರಿದು ತಂಪು ಮಾಡುತ್ತವೆ.